ಗಂಟೆ ಹೊಡೆಯದ ದಿನಕ್ಕೊಂದು ತಾಲೀಮು

ನಮ್ಮ ಶಾಲೆಗಳ ಮಾಕ್ ಡ್ರಿಲ್ ಸಾಮಾನ್ಯವಾಗಿ ಹೇಗಿರುತ್ತದೆ? ದಿನ ಮೊದಲೇ ಗೊತ್ತಿರುತ್ತದೆ. ಗಂಟೆ ಹೊಡೆಯುತ್ತದೆ, ಮಕ್ಕಳು ಸಾಲಾಗಿ ಮೈದಾನಕ್ಕೆ ಬರುತ್ತಾರೆ, ಫೋಟೊ ತೆಗೆದು ಮುಗಿಸುತ್ತಾರೆ. ಹೇಳಿದಂತೆ ಕೇಳುವುದನ್ನು ಇದು ಕಲಿಸುತ್ತದೆ. ಹೇಳುವವರೇ ಇಲ್ಲದಾಗ ಏನು ಮಾಡಬೇಕೆಂಬುದನ್ನಲ್ಲ.

ಜಪಾನಿನ ಈಶಾನ್ಯ ಕರಾವಳಿಯ ಕಮಾಯಿಶಿಯಲ್ಲಿ ಗುನ್ಮಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ತೊಶಿತಾಕಾ ಕತಾದಾ ಶಾಲಾಮಕ್ಕಳಿಗೆ ಹಲವು ವರ್ಷ ಸುನಾಮಿ ಪಾಠ ಹೇಳಿದರು. ಮುಖ್ಯವಾಗಿ ಹೇಳಿದ್ದು ಮೂರು ಮಾತು: ಅಪಾಯದ ನಕ್ಷೆಯನ್ನು ಪೂರ್ತಿ ನಂಬಬೇಡಿ, ಆ ಹೊತ್ತಿಗೆ ಕೈಲಾದದ್ದನ್ನೆಲ್ಲ ಮಾಡಿ, ಎಲ್ಲರಿಗಿಂತ ಮೊದಲು ನೀವು ಓಡಿ. ಕೊನೆಯದು ಸ್ವಾರ್ಥದ ಮಾತಿನಂತೆ ಕೇಳಿಸಬಹುದು. ಆದರೆ ಅಪಾಯ ಬಂದಾಗ ನಾವೆಲ್ಲ ಪಕ್ಕದವರ ಮುಖ ನೋಡುತ್ತೇವೆ. ಅವರು ಕದಲದಿದ್ದರೆ ನಾವೂ ಕದಲುವುದಿಲ್ಲ. ಒಬ್ಬರು ಓಡಿದರೆ ಉಳಿದವರ ಕಾಲಿಗೂ ಜೀವ ಬರುತ್ತದೆ.

2011ರ ಮಾರ್ಚ್ 11ರ ಮಧ್ಯಾಹ್ನ ಭೂಮಿ ನಡುಗಿದಾಗ ಅಲ್ಲಿ ಆದದ್ದೂ ಅದೇ. ಕರೆಂಟು ಹೋಗಿ ಕಮಾಯಿಶಿ ಹಿಗಾಶಿ ಶಾಲೆಯ ಧ್ವನಿವರ್ಧಕ ಕೆಲಸ ಮಾಡಲಿಲ್ಲ. ನಕ್ಷೆಯ ಪ್ರಕಾರ ಅಲ್ಲಿಗೆ ನೀರು ಬರುವಂತಿರಲಿಲ್ಲ. ಆದರೂ ಹುಡುಗರು ಓಡಿದರು. ಪಕ್ಕದ ಉನೊಸುಮಾಯಿ ಪ್ರಾಥಮಿಕ ಶಾಲೆಯ ಮಕ್ಕಳು ಮೂರನೇ ಮಹಡಿ ಹತ್ತಿ ಕುಳಿತಿದ್ದರು. ಹಿಗಾಶಿ ಶಾಲೆಯ ದೊಡ್ಡ ಮಕ್ಕಳು ಓಡುವುದನ್ನು ಕಂಡು ಅವರೂ ಹೊರಟರು. ಎರಡೂ ಶಾಲೆಗಳು ಒಟ್ಟಿಗೆ ತಾಲೀಮು ಮಾಡಿದ್ದರಿಂದ ದೊಡ್ಡವರು ಚಿಕ್ಕವರ ಕೈ ಹಿಡಿದರು. ಗೊತ್ತುಮಾಡಿದ್ದ ಜಾಗ ತಲುಪಿದರೆ, ಹಿಂದಿನ ಗುಡ್ಡ ಕುಸಿಯುತ್ತಿತ್ತು. ಅಲ್ಲಿ ನಿಲ್ಲದೆ ಇನ್ನೂ ಮೇಲಕ್ಕೆ, ಮತ್ತೂ ಮೇಲಕ್ಕೆ ಹೋದರು. ಅವರು ಬಿಟ್ಟುಬಂದ ಎರಡೂ ಶಾಲೆಗಳನ್ನು ನೀರು ನುಂಗಿತು. ನಗರದ ಸುಮಾರು 3,000 ಶಾಲಾಮಕ್ಕಳಲ್ಲಿ ಶೇ 99.8ರಷ್ಟು ಬದುಕಿದರು. ಇದನ್ನು ಪವಾಡವೆಂದು ಕರೆದವರುಂಟು. ನನಗದು ಕಲಿತ ಪಾಠದ ಫಲವಾಗಿಯೇ ಕಾಣುತ್ತದೆ.

ಅದೇ ದಿನ, ಅದೇ ಕರಾವಳಿಯ ಇಶಿನೊಮಾಕಿಯ ಒಕಾವಾ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಸುಮಾರು 50 ನಿಮಿಷ ಮೈದಾನದಲ್ಲೇ ಇದ್ದರು. ಎಲ್ಲಿಗೆ ಹೋಗಬೇಕೆಂದು ಹಿರಿಯರಿಗೆ ಬೇಗ ತೀರ್ಮಾನಿಸಲಾಗಲಿಲ್ಲ. ಶಾಲೆಯ ಹಿಂದೆಯೇ ಗುಡ್ಡವಿತ್ತು. ಸುನಾಮಿ ನುಗ್ಗಿ 74 ಮಕ್ಕಳು ಸತ್ತರು ಅಥವಾ ಕಣ್ಮರೆಯಾದರು. ಮೊದಲೇ ಸರಿಯಾದ ಸಿದ್ಧತೆ ಮಾಡಿರಲಿಲ್ಲವೆಂಬ ತೀರ್ಪು 2019ರಲ್ಲಿ ಜಪಾನಿನ ಸುಪ್ರೀಂ ಕೋರ್ಟಿನಲ್ಲಿ ಅಂತಿಮವಾಯಿತು.

ಹೇಳುವವರಿಲ್ಲದಾಗ ತಾವೇ ದಾರಿ ಹುಡುಕುವುದನ್ನು ಕಲಿಸಲು ನಮ್ಮ ಶಾಲೆಗಳು ದುಬಾರಿ ಉಪಕರಣ ತರಬೇಕಿಲ್ಲ. ಮುಂದಿನ ಡ್ರಿಲ್‌ನಲ್ಲಿ ಹೇಳದೆಯೇ ಒಂದು ಮೆಟ್ಟಿಲ ದಾರಿಗೆ ಅಡ್ಡ ಹಗ್ಗ ಕಟ್ಟಿ, ‘ಇಲ್ಲಿ ಬೆಂಕಿ’ ಎಂದು ಬರೆದಿಡಿ. ಮೇಷ್ಟ್ರು ಅಲ್ಲೇ ನಿಂತಿರಲಿ, ಯಾರಿಗೂ ಏಟಾಗದಂತೆ ನೋಡಿಕೊಳ್ಳಲಿ. ಆದರೆ ದಾರಿ ಮಾತ್ರ ತೋರಿಸದಿರಲಿ.