ಸರಕಿನ ಗಾಡಿಯ ಕಾವಲು ಯಾರ ಹೊಣೆ?

ಮುಂಬಯಿಯ ನಮ್ಮ ಹೋಟೆಲುಗಳು ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಅವುಗಳ ಸರಕಿನ ಗಾಡಿಗಳು ಒಂದು ಸುತ್ತು ಕೆಲಸ ಮುಗಿಸಿರುತ್ತವೆ. ವಾಶಿಯ ಸಗಟು ಪೇಟೆಯಿಂದ ತರಕಾರಿ, ತೆಂಗಿನಕಾಯಿ, ಅಕ್ಕಿ, ಉದ್ದು ಮುಂತಾದುವನ್ನು ಹೊತ್ತು ತರುವವು ಈಗ ಹೆಚ್ಚಾಗಿ ಪಿಕಪ್ ಗಾಡಿಗಳೇ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದು ‘ಛೋಟಾ ಹಾಥಿ’ ಎಂದು ಮನೆಮಾತಾಯಿತು. ಮಹೀಂದ್ರ ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್ ಮೊದಲಾದುವೂ ಬೀದಿಯಲ್ಲಿವೆ. ಸಣ್ಣ ಬಂಡವಾಳದವನೂ ಕಂತಿನ ಸಾಲದ ಮೇಲೆ ಸ್ವಂತ ಗಾಡಿ ಇಟ್ಟುಕೊಳ್ಳುವುದು ಇಂದು ಸಾಧ್ಯವಾಗಿದೆ. ಇದು ಸಂತೋಷದ ಸಂಗತಿಯೇ. ಆದರೆ ಗಾಡಿಯುಳ್ಳವರಿಗೆಲ್ಲ ಅದನ್ನು ನಿಲ್ಲಿಸುವ ಅಂಗಳವಿಲ್ಲ. ರಾತ್ರಿಯೆಲ್ಲ ಬೀದಿಯ ಅಂಚಿನಲ್ಲಿ ನಿಲ್ಲುವ ಈ ಗಾಡಿಯನ್ನು ಕಾಯುವವರು ಯಾರು ಎಂಬುದನ್ನು ನಾವು ವಿವೇಚಿಸಬೇಕಾಗಿದೆ.

ನಮ್ಮಲ್ಲಿ ಕೆಲವರು ಇದಕ್ಕೆ ಕಂಡುಕೊಂಡಿರುವ ಉಪಾಯ ಬಹಳ ಅಗ್ಗದ್ದು. ದಿನವಿಡೀ ದುಡಿದ ಚಾಲಕನನ್ನೋ ಹೋಟೆಲಿನ ಹುಡುಗನನ್ನೋ ಗಾಡಿಯಲ್ಲಿಯೇ ಮಲಗಿಸುವುದು. ಬೆಳಿಗ್ಗೆ ಏನಾದರೂ ಕಳೆದುಹೋಗಿದ್ದರೆ ಅವನ ಸಂಬಳದಲ್ಲಿ ಮುರಿದುಕೊಳ್ಳುವುದು. ಕೆಲಸಗಾರನೇ ಬೀಗ, ಅವನ ಸಂಬಳವೇ ವಿಮೆ ಎಂಬ ಈ ಪದ್ಧತಿಯು ನ್ಯಾಯವಾದುದೂ ಅಲ್ಲ, ಧಣಿಗೆ ಲಾಭಕರವಾದುದೂ ಅಲ್ಲ ಎಂದು ಸ್ಪಷ್ಟವಾಗಿ ಹೇಳಬೇಕಾದ ಕಾಲ ಬಂದಿದೆ.

ಮೊದಲಿಗೆ ಕಳ್ಳನ ರೀತಿಯನ್ನು ನೋಡೋಣ. ಅವನು ಯಾವಾಗಲೂ ಇಡೀ ಗಾಡಿಯನ್ನೇ ಒಯ್ಯುವನೆಂದಿಲ್ಲ. ಪಕ್ಕದ ಗಾಜನ್ನು ಒಡೆದು ಒಳಗಿನ ಹಣವನ್ನೂ ಮೊಬೈಲನ್ನೂ ಎತ್ತುತ್ತಾನೆ; ತಾಡಪತ್ರಿಯ ಹಗ್ಗ ಕೊಯ್ದು ಎರಡು ಮೂಟೆ ಇಳಿಸಿಕೊಳ್ಳುತ್ತಾನೆ; ಹೊರಗೆ ಕೈಗೆಟಕುವಂತಿದ್ದರೆ ಬ್ಯಾಟರಿಯನ್ನು, ಗಾಡಿಯ ಅಡಿಯಲ್ಲಿ ತೂಗುವ ಸ್ಟೆಪ್ನಿ ಚಕ್ರವನ್ನು, ಟಾಂಕಿಯೊಳಗಿನ ಡೀಸೆಲನ್ನು ಕದಿಯುತ್ತಾನೆ. ಹೊಗೆ ಶುದ್ಧಿ ಮಾಡುವ ಕನ್ವರ್ಟರಿನಲ್ಲಿ ಪ್ಲಾಟಿನಮ್ ಜಾತಿಯ ಬೆಲೆಬಾಳುವ ಲೋಹಗಳಿರುವುದರಿಂದ ಅದರ ಮೇಲೂ ಅವನ ಕಣ್ಣಿದೆ. ಇವೆಲ್ಲ ಕೆಲವೇ ನಿಮಿಷಗಳ ಕೆಲಸ. ಆಯಾಸದಿಂದ ಗಾಢನಿದ್ರೆಯಲ್ಲಿರುವವನು ಇದನ್ನು ತಡೆಯಬಲ್ಲನೇ? ಎಚ್ಚತ್ತರೂ, ಕಬ್ಬಿಣದ ಸಲಾಕೆ ಹಿಡಿದ ಇಬ್ಬರ ಮುಂದೆ ಬರಿಗೈಯವನು ಏನು ಮಾಡಬೇಕು? ಎರಡು ಮೂಟೆ ಈರುಳ್ಳಿಗಾಗಿ ಒಬ್ಬನ ಪ್ರಾಣವನ್ನು ಅಡವಿಡುವುದು ಯಾವ ವ್ಯಾಪಾರ? ಇಷ್ಟಲ್ಲದೆ, ನಿದ್ದೆಗೆಟ್ಟ ಅದೇ ಚಾಲಕನೇ ನಸುಕಿನಲ್ಲಿ ಹೆದ್ದಾರಿಯ ಮೇಲೆ ಗಾಡಿ ಓಡಿಸಬೇಕಾಗಿದೆ ಎಂಬುದನ್ನೂ ಮರೆಯಬಾರದು.

ಗಾಡಿಯನ್ನು ಕಾಯಲು ಇದಕ್ಕಿಂತ ಉತ್ತಮವಾದ ಸಾಧನಗಳು ಇವೆ. ಅವು ಅತಿ ದುಬಾರಿಯೂ ಅಲ್ಲ. ಗೇರಿಗೂ ಸ್ಟಿಯರಿಂಗಿಗೂ ಹಾಕುವ ಉಕ್ಕಿನ ಬೀಗ ಹೊರಗಿನಿಂದಲೇ ಕಾಣುವುದರಿಂದ ಕಳ್ಳನು ಪಕ್ಕದ ಸುಲಭವಾದ ಬೇಟೆಯನ್ನು ಹುಡುಕಿಕೊಂಡು ಹೋಗುವ ಸಂಭವವೇ ಹೆಚ್ಚು. ಬ್ಯಾಟರಿಯ ವಿದ್ಯುತ್ತನ್ನು ಕಡಿಯುವ ಗುಪ್ತ ಗುಂಡಿಯೊಂದನ್ನು ಜೋಡಿಸಿದರೆ, ಬಾಗಿಲು ತೆರೆದವನಿಗೂ ಗಾಡಿ ಹೊರಡುವುದಿಲ್ಲ. ಬ್ಯಾಟರಿಗೆ ಕಬ್ಬಿಣದ ಪಂಜರ, ಸ್ಟೆಪ್ನಿಗೆ ಸರಪಳಿ, ಡೀಸೆಲ್ ಟಾಂಕಿಗೆ ಬೀಗದ ಮುಚ್ಚಳ, ಉಪಕರಣಗಳಿಗೆ ಗಾಡಿಯ ತಳಕ್ಕೆ ಬೋಲ್ಟು ಹಾಕಿ ಬಿಗಿದ ಪೆಟ್ಟಿಗೆ ಇವು ಯಾವ ಗ್ಯಾರೇಜಿನಲ್ಲಾದರೂ ಆಗುವ ಕೆಲಸ. ದೀಪದ ಕೆಳಗೆ, ಹಿಂಬಾಗಿಲು ಗೋಡೆಗೆ ಒತ್ತಿಕೊಂಡಿರುವಂತೆ ನಿಲ್ಲಿಸುವುದಕ್ಕಂತೂ ಕಾಸಿನ ಖರ್ಚೂ ಇಲ್ಲ. ಗಾಡಿ ಎಲ್ಲಿದೆಯೆಂದು ತಿಳಿಸುವ ಜಿಪಿಎಸ್ ಯಂತ್ರವನ್ನು ಕಣ್ಣಿಗೆ ಬೀಳದ ಕಡೆ ಇರಿಸಬೇಕು. ಫಾಸ್ಟ್ಯಾಗ್ ಖಾತೆಗೆ ಧಣಿಯ ಅಥವಾ ಗುಮಾಸ್ತರ ಈಗಿನ ಮೊಬೈಲ್ ಸಂಖ್ಯೆಯನ್ನೇ ಕೊಟ್ಟಿದ್ದರೆ, ಕದ್ದ ಗಾಡಿ ಟೋಲ್ ನಾಕೆಯನ್ನು ದಾಟಿದಾಗ ಬರುವ ಸಂದೇಶವೇ ಒಂದು ಸುಳಿವಾಗಬಹುದು.

ಕಾಗದಪತ್ರಗಳ ವಿಷಯ ನಮ್ಮ ಗುಮಾಸ್ತ ಬಂಧುಗಳ ಗಮನಕ್ಕೆ ಬರಬೇಕು. ಡಿಜಿಲಾಕರ್ ಅಥವಾ ಎಂ-ಪರಿವಾಹನದಲ್ಲಿರುವ ದಾಖಲೆಗಳಿಗೆ 2018ರಿಂದಲೇ ಮಾನ್ಯತೆ ಇರುವುದರಿಂದ ಮೂಲ ನೋಂದಣಿ ಪತ್ರವನ್ನು ಗಾಡಿಯಲ್ಲಿಯೇ ಇಟ್ಟು ಕಳ್ಳನಿಗೆ ಒಪ್ಪಿಸುವ ಅಗತ್ಯವಿಲ್ಲ. ಇಂಜಿನ್ ಸಂಖ್ಯೆ, ಷಾಸಿ ಸಂಖ್ಯೆ, ಬ್ಯಾಟರಿಯ ಸಂಖ್ಯೆ, ಗಾಡಿಯ ನಾಲ್ಕು ದಿಕ್ಕಿನ ಛಾಯಾಚಿತ್ರ ಇವು ಕಚೇರಿಯ ಕಡತದಲ್ಲಿರಬೇಕು. ಎರಡನೆಯ ಕೀಲಿಯೂ ಅಲ್ಲಿಯೇ ಇರಲಿ. ಗಾಡಿ ಕಳುವಾದಾಗ ವಿಮಾ ಕಂಪನಿಗಳು ಎರಡು ಕೀಲಿಗಳನ್ನೂ ಕೇಳುತ್ತವೆ.

ವಿಮೆಯ ವಿಚಾರದಲ್ಲಿ ತಪ್ಪು ತಿಳಿವಳಿಕೆ ಬಹಳ. ಕಾನೂನು ಕಡ್ಡಾಯಪಡಿಸಿರುವುದು ಮೂರನೆಯವರಿಗೆ ಆಗುವ ಹಾನಿಯ ವಿಮೆಯನ್ನು ಮಾತ್ರ. ಅದರಿಂದ ಗಾಡಿ ಕಳುವಾದರೆ ಒಂದು ಕಾಸೂ ದೊರೆಯದು. ಸಮಗ್ರ ವಿಮೆ ಇದ್ದರೆ ಮಾತ್ರ ಗಾಡಿಯ ಬೆಲೆ ಬರುತ್ತದೆ; ಒಳಗಿದ್ದ ಸರಕಿಗೆ ಪ್ರತ್ಯೇಕ ವಿಮೆಯೇ ಬೇಕು. ಕಳವಿನ ಸುದ್ದಿಯನ್ನು ಪೋಲೀಸರಿಗೆ ತಡಮಾಡದೆ ತಿಳಿಸಿದ್ದರೆ, ವಿಮಾ ಕಂಪನಿಗೆ ತಿಳಿಸುವುದು ತಡವಾಯಿತೆಂಬ ಒಂದೇ ಕಾರಣದಿಂದ ನಿಜವಾದ ಬೇಡಿಕೆಯನ್ನು ತಳ್ಳಿಹಾಕಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪಿತ್ತಿದೆ. ಕೀಲಿಯನ್ನು ಲಾರಿಯಲ್ಲಿ ಬಿಟ್ಟು ಚಾಲಕನು ಇಳಿದಿದ್ದಾಗ ಕಳವಾದ ಮತ್ತೊಂದು ಪ್ರಕರಣದಲ್ಲಿ, 2023ರಲ್ಲಿ, ಅದೇ ನ್ಯಾಯಾಲಯವು ನೂರಕ್ಕೆ 75 ಭಾಗವನ್ನು ಕೊಡಿಸಿತು. ಮಾಲಕನಿಗೆ ಮುಕ್ಕಾಲು ಭಾಗ ದೊರೆತರೂ, ಕಾಲು ಭಾಗ ಹೋದುದು ಮತ್ತು ದೊರೆತುದಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಬೇಕಾದುದು ಒಂದು ಕೀಲಿಯ ದೆಸೆಯಿಂದ.

ಇನ್ನು ಸಂಬಳ ಮುರಿಯುವ ಪ್ರಶ್ನೆ. 1936ರ ವೇತನ ಪಾವತಿ ಕಾಯಿದೆಯಲ್ಲಿಯೂ, ಅದರ ಸ್ಥಾನಕ್ಕೆಂದು ರಚಿತವಾದ 2019ರ ವೇತನ ಸಂಹಿತೆಯಲ್ಲಿಯೂ ಒಂದೇ ತತ್ವವಿದೆ. ಕೆಲಸಗಾರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ವಸ್ತುವು ಅವನ ಅಲಕ್ಷ್ಯದಿಂದಲೇ ನಷ್ಟವಾಗಿದ್ದರೆ ಮಾತ್ರ ಸಂಬಳದಲ್ಲಿ ಮುರಿಯಬಹುದು. ಮುರಿಯುವ ಮೊದಲು ಅವನ ಸಮಜಾಯಿಷಿಯನ್ನು ಕೇಳಲೇಬೇಕು. ನಷ್ಟದ ಮೊತ್ತಕ್ಕಿಂತ ಹೆಚ್ಚು ಮುರಿಯಕೂಡದು. ಬೀಗ ಕೆಟ್ಟಿದೆಯೆಂದು ಚಾಲಕನು ಹೇಳಿದ್ದರೂ ಸರಿಪಡಿಸದ ಧಣಿಯು ‘ನಿನ್ನ ಅಲಕ್ಷ್ಯ’ ಎನ್ನಲು ಯಾವ ಮುಖವಿದೆ? ಅದೇ ವೇಳೆಗೆ, ಸರಕು ಇಳಿಸುವಾಗ ಕೀಲಿಯನ್ನು ಗಾಡಿಯಲ್ಲಿಯೇ ಬಿಟ್ಟು ಚಹಾ ಕುಡಿಯಹೋಗುವವನು ತನ್ನ ಹೊಣೆಯಿಂದ ಪಾರಾಗಲಾರನು ಎಂಬುದನ್ನೂ ನಮ್ಮ ಕೆಲಸಗಾರ ಮಿತ್ರರು ಮನಗಾಣಬೇಕು. ಆದುದರಿಂದ ಬೀಗದ ದೋಷವನ್ನೂ ಜಾಗದ ಅಪಾಯವನ್ನೂ ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗದೆ, ಎರಡು ಸಾಲು ಬರೆದುಕೊಟ್ಟು ದಿನಾಂಕ ಹಾಕಿಡುವುದು ಉತ್ತಮ.

ಕಳವಾದ ಮೇಲೆ ಹೆದರಿ ಮುಚ್ಚಿಡುವುದು ಸಲ್ಲದು. ಕೂಡಲೇ 112ಕ್ಕೆ ಕರೆ ಮಾಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಗಳ ಪ್ರಕಾರ ಸರಹದ್ದಿನ ನೆಪವೊಡ್ಡದೆ ಯಾವ ಠಾಣೆಯಲ್ಲಾದರೂ ದೂರನ್ನು ದಾಖಲಿಸಿಕೊಳ್ಳಬೇಕು. ವಿದ್ಯುನ್ಮಾನದ ಮೂಲಕ ಕಳಿಸಿದರೆ 3 ದಿನಗಳೊಳಗೆ ಸಹಿ ಮಾಡಬೇಕು. ಎಫ್‌ಐಆರಿನ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ಸರಕು ಸಾಗಿಸುವ ವಾಹನವನ್ನಾಗಲಿ, ಅದರಲ್ಲಿನ ಸರಕನ್ನಾಗಲಿ ಕದಿಯುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 305ನೆಯ ಕಲಮಿನಲ್ಲಿ 7 ವರ್ಷಗಳವರೆಗೆ ಶಿಕ್ಷೆಯಿದೆ. ಸಾಮಾನ್ಯ ಕಳವಿಗಿರುವುದು 3 ವರ್ಷ. ಸರಕಾರವೇ ಈ ಅಪರಾಧವನ್ನು ಇಷ್ಟು ಗುರುತರವೆಂದು ಎಣಿಸಿರುವಾಗ, ‘ಒಂದು ಬ್ಯಾಟರಿಗೇಕೆ ದೂರು’ ಎಂದು ನಾವು ಸುಮ್ಮನಿರುವುದೇಕೆ? ಗಾಡಿ ಪತ್ತೆಯಾಗದಿದ್ದರೆ ಮಹಾರಾಷ್ಟ್ರದಲ್ಲಿ ‘ಎ ಸಮ್ಮರಿ’ ಎನ್ನುವ ವರದಿಯನ್ನು ಪಡೆದು ವಿಮಾ ಕಂಪನಿಗೆ ಒಪ್ಪಿಸಬೇಕಾಗುತ್ತದೆ.

ಸಣ್ಣ ಮಾಲಕರ ಕಷ್ಟವನ್ನು ನಾವು ಅರಿಯದವರಲ್ಲ. ಗಾಡಿ ಹೋದರೂ ಕಂತು ನಿಲ್ಲುವುದಿಲ್ಲ. ತಿಂಗಳ ಬಾಡಿಗೆ ನಿಲ್ಲುವುದಿಲ್ಲ. ಅವರ ಆತಂಕ ನಿಜವಾದುದು. ಆದರೆ ಆ ಆತಂಕಕ್ಕೆ ಮದ್ದು ಬೀಗದಲ್ಲಿ, ವಿಮೆಯಲ್ಲಿ ಮತ್ತು ಒಗ್ಗಟ್ಟಿನಲ್ಲಿದೆ. ಒಂದೇ ಬಡಾವಣೆಯ ಹತ್ತು ಹೋಟೆಲಿನವರು ಕೂಡಿದರೆ, ಗೋಡೆಯುಳ್ಳ ಒಂದು ಜಾಗವನ್ನು ರಾತ್ರಿಯ ಮಟ್ಟಿಗೆ ಬಾಡಿಗೆಗೆ ಹಿಡಿದು, ಎಚ್ಚರವಾಗಿರುವುದಕ್ಕೆಂದೇ ಸಂಬಳ ಪಡೆಯುವ ಒಬ್ಬ ಕಾವಲುಗಾರನನ್ನು ನೇಮಿಸುವುದು ಅಸಾಧ್ಯವೇ? ನಾಟಕ, ಯಕ್ಷಗಾನ, ವಾರ್ಷಿಕೋತ್ಸವಗಳಿಗೆ ಕೂಡುವ ನಮ್ಮ ಸಂಘಗಳು ಈ ಕೆಲಸಕ್ಕೂ ಒಂದು ಸಂಜೆ ಕೂಡಬಹುದು.

ಊರು ಬಿಟ್ಟು ಬಂದ ನಮಗೆ ಇಲ್ಲಿ ದೊಡ್ಡ ಆಸ್ತಿಯೆಂದರೆ ದುಡಿಯುವ ಮೈ. ಗಾಡಿ ಹೋದರೆ ಮತ್ತೊಂದನ್ನು ಕೊಳ್ಳಬಹುದು. ಗಾಡಿಗೆ ಬೀಗ ಹಾಕೋಣ. ದುಡಿದವನಿಗೆ ರಾತ್ರಿಯ ನಿದ್ದೆಯನ್ನೂ ತಿಂಗಳ ಪೂರ್ಣ ಸಂಬಳವನ್ನೂ ಬಿಟ್ಟುಕೊಡೋಣ.