ಕಡಲು ಯಾರ ರಜೆಗೆ?

ಮೊನ್ನೆ ಹಿರಿಯೂರಿನ ಹೆದ್ದಾರಿ ಪಕ್ಕದ ಚಹದಂಗಡಿಯ ಮುಂದೆ ಪರದೇಶದ ನಂಬರಿನ ವ್ಯಾನೊಂದು ಬಂದು ನಿಂತಿತು. ಮೇಲುಗಡೆ ಆಳೆತ್ತರಕ್ಕೂ ಉದ್ದದ ಎರಡು ಹಲಗೆಗಳನ್ನು ಬಿಗಿದಿದ್ದರು. ಯೂರೋಪಿನಿಂದ ನೆಲದ ದಾರಿಯಲ್ಲಿಯೇ ದೇಶ ದೇಶ ದಾಟಿ ಬಂದ ಇಬ್ಬರು ತರುಣರು. ಹಬ್ಬದ ರಜೆಯನ್ನು ಗೋಕರ್ಣದ ಕಡಲಲ್ಲಿ ಕಳೆದು ಚೆನ್ನೈ ಬಳಿಯ ಕೋವಳಂಗೆ ಹೊರಟಿದ್ದರು. ಅಲ್ಲಿಯೂ ಒಳ್ಳೆಯ ಅಲೆಗಳುಂಟಂತೆ. ನಮ್ಮ ಜೊತೆಗಿದ್ದ ಹಮಾಲರೊಬ್ಬರು, "ಏನ್ ಮೇಷ್ಟ್ರೇ ಅವು, ಬಾಗಿಲ ಹಲಗೆನಾ?" ಎಂದರು. ಅಲೆಯ ಮೇಲೆ ಅದನ್ನು ಹಾಕಿ, ನಿಂತು, ದಡಕ್ಕೆ ಜಾರಿಕೊಂಡು ಬರುವ ಆಟ, ಸರ್ಫಿಂಗ್ ಎನ್ನುತ್ತಾರೆ ಎಂದೆವು. "ಹಂಗೆ ಬಂದ್ರೆ ಏನ್ ಕೊಡ್ತಾರೆ?" ಎಂದು ಕೇಳಿದರು. ಅಂಗಡಿಯೆಲ್ಲ ನಕ್ಕಿತು. ಐವತ್ತು ದಾಟಿದ ಆ ಮನುಷ್ಯ ಇನ್ನೂ ಕಡಲನ್ನು ಕಂಡಿಲ್ಲ. ಕಡಲಿರುವುದು ಇಲ್ಲಿಂದ 300 ಚಿಲ್ಲರೆ ಕಿಲೋಮೀಟರಿನಲ್ಲಿ.

ಈ ಸಂಗತಿ ಹೇಳಿದಾಗ ನಮ್ಮ ಗೆಳೆಯರಲ್ಲೇ ಕೆಲವರು ಆ ತರುಣರ ಮೇಲೆ ಹರಿಹಾಯ್ದರು. ಉಂಡಾಡಿಗಳ ಆಟ, ಧಣಿಗಳ ಮಕ್ಕಳ ಷೋಕಿ ಎಂದರು. ನಾವು ಒಪ್ಪುವುದಿಲ್ಲ. ಹವಾಯಿ ದ್ವೀಪಗಳಲ್ಲಿ ಅದು ಅರಸನೂ ಆಳೂ, ಗಂಡಸರೂ ಹೆಂಗಸರೂ ಆಡುತ್ತಿದ್ದ ಆಟ. 19ನೆಯ ಶತಮಾನದಲ್ಲಿ ಬಂದ ಪಾದ್ರಿಗಳು ಅದನ್ನು ಸೋಮಾರಿತನವೆಂದು ಹಳಿದರು. ಸಕ್ಕರೆಯ ಧಣಿಗಳು ಸೇರಿ 1893ರಲ್ಲಿ ಅಲ್ಲಿಯ ರಾಣಿಯನ್ನು ಇಳಿಸಿದರು. 1898ರಲ್ಲಿ ಅಮೆರಿಕ ದ್ವೀಪಗಳನ್ನೇ ನುಂಗಿತು. ಬಳಿಕ ಅದೇ ಆಟವನ್ನು ಪ್ರವಾಸಿಗಳಿಗೆ ಸರಕಾಗಿ ಮಾರಿದರು! ನಮ್ಮ ಮಂಗಳೂರಿನ ಸಸಿಹಿತ್ಲು ದಡದಲ್ಲಿ 2016ರ ಮೇ ತಿಂಗಳಲ್ಲಿ ಇದರ ರಾಷ್ಟ್ರೀಯ ಪಂದ್ಯ ನಡೆಯಿತು. ಕೋವಳಂನಲ್ಲಿ ಮೀನುಗಾರರ ಮಕ್ಕಳು ಈ ಆಟದಲ್ಲಿ ಹೆಸರು ಮಾಡಿದ್ದಾರೆ. ಅವರನ್ನು ಯಾರು ಧಣಿಗಳೆನ್ನುತ್ತಾರೆ?

ಹಾಗಾದರೆ ದೂರು ಎಲ್ಲಿ? 1957ರ ಏಪ್ರಿಲಿನಲ್ಲಿ ಲಂಡನ್ನಿನಿಂದ ಒಂದು ಬಸ್ಸು ಹೊರಟು ಜೂನಿನಲ್ಲಿ ಕಲ್ಕತ್ತೆ ಮುಟ್ಟಿತು. ಒಂದು ಕಡೆಗೆ 85 ಪೌಂಡು. ಆಮೇಲೆ ಸಾವಿರಾರು ತರುಣರು ಅದೇ ದಾರಿ ಹಿಡಿದರು. 1979ರಲ್ಲಿ ಇರಾನಿನ ಕ್ರಾಂತಿ ಮತ್ತು ಆಫ್ಘಾನಿಸ್ತಾನದ ಯುದ್ಧ ಆ ಓಡಾಟವನ್ನು ಮುರಿದವು. ಅವರಲ್ಲಿ ಹಲವರು ಹಣವಂತರೇನೂ ಅಲ್ಲ. ಆದರೆ ಎರಡು ತಿಂಗಳು ಮನೆ ಬಿಟ್ಟರೆ ಒಲೆ ಆರಿಹೋಗುವ ಭಯ ಅವರಿಗಿರಲಿಲ್ಲ. ಆ ಭಯವಿಲ್ಲದ ದಿನಗಳಿಗೇ ರಜೆ ಎಂದು ಹೆಸರು.

ಆ ರಜೆ ಅವರಿಗೆ ಆಕಾಶದಿಂದ ಬಿದ್ದದ್ದಲ್ಲ. 1936ರ ಬೇಸಗೆಯಲ್ಲಿ ಫ್ರಾನ್ಸಿನ ಕೆಲಸಗಾರರು ಕಾರ್ಖಾನೆಗಳೊಳಗೇ ಕುಳಿತು ಮುಷ್ಕರ ಹೂಡಿದರು. ಲಿಯೋನ್ ಬ್ಲೂಮ್ ಎಂಬ ಸಮಾಜವಾದಿಯ ಸರ್ಕಾರ ಅದೇ ಜೂನಿನಲ್ಲಿ ವರ್ಷಕ್ಕೆ ಎರಡು ವಾರ ಸಂಬಳದ ರಜೆಯ ಕಾನೂನು ತಂದಿತು. ಆ ಬೇಸಗೆಯಲ್ಲೇ ರೈಲಿನ ದರವನ್ನೂ ಇಳಿಸಿತು. ನೇಯುವವರು, ಕಲ್ಲಿದ್ದಲು ಅಗೆಯುವವರು ಹೆಂಡಿರು ಮಕ್ಕಳೊಡನೆ ಮೊದಲ ಸಲ ಕಡಲು ಕಂಡರು. ದೊಡ್ಡವರ ಪತ್ರಿಕೆಗಳು ಮೂಗು ಮುರಿದವು.

ನಮ್ಮಲ್ಲಿಯೂ ಕಾನೂನುಂಟು. 1948ರ ಕಾರ್ಖಾನೆ ಕಾಯಿದೆ, ವರ್ಷಕ್ಕೆ 240 ದಿನ ದುಡಿದವನಿಗೆ 20 ದಿನಕ್ಕೆ ಒಂದರಂತೆ ಸಂಬಳದ ರಜೆ ಎಂದಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆ ಆ 240ನ್ನು 180ಕ್ಕೆ ಇಳಿಸಿದೆ. ಆ ಸಂಹಿತೆಗಳೊಡನೆ ನಮಗೆ ನೂರು ಜಗಳವಿದ್ದರೂ ಇದೊಂದನ್ನು ಒಳ್ಳೆಯದೆಂದೇ ಹೇಳುತ್ತೇವೆ. ಆದರೆ ಗಿರಣಿಯಲ್ಲಿ ಆಗುವುದೇನು? ಲೆಕ್ಕ ತುಂಬುವ ಮೊದಲೇ ಗುತ್ತಿಗೆದಾರ ಹೆಸರು ಬದಲಿಸಿ ಹೊಸ ಚೀಟಿ ಬರೆಯುತ್ತಾನೆ. ಮದುವೆ, ತಿಥಿ, ಜ್ವರಗಳಿಗೆ ರಜೆ ಕರಗುತ್ತದೆ. ಉಳಿದದ್ದನ್ನು ನಾವೇ ಹಣಕ್ಕೆ ಮಾರಿಕೊಳ್ಳುತ್ತೇವೆ. ಹೊಳಲ್ಕೆರೆ, ಹೊಸದುರ್ಗಗಳಲ್ಲಿ ಏಳೆಂಟು ಜನ ದುಡಿಯುವ ಸಣ್ಣ ಮಿಲ್ಲುಗಳ ಹೊಸ್ತಿಲಿಗೆ ಈ ಕಾನೂನು ಕಾಲಿಡುವುದೇ ಇಲ್ಲ. ಮೇಷ್ಟರಾಗಿದ್ದಾಗ ನಮಗೆ ಬೇಸಗೆ ರಜೆ ತಿಂಗಳುಗಟ್ಟಲೆ. ನಮ್ಮ ಹುಡುಗರ ತಂದೆಯರಿಗೆ ಒಂದು ವಾರವೂ ಇಲ್ಲ. ಅದು ಅಂದು ನಮ್ಮ ಕಣ್ಣಿಗೆ ಬೀಳಲಿಲ್ಲವೆಂಬುದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇವೆ.

ಬಡವರಿಗೆ ನೀರು ನೋಡುವ ಆಸೆಯೇ ಇಲ್ಲವೆನ್ನುವ ಮಾಲೀಕರಿಗೆ 2022 ನೆನಪಿದೆಯೆ? 1933ರ ನಂತರ ಮೊದಲ ಬಾರಿಗೆ, 89 ವರ್ಷಕ್ಕೆ, ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಮಾರಿಕಣಿವೆಯ ದಾರಿ ಜನರಿಂದ ತುಂಬಿಹೋಯಿತು. ಅಂದಿನ ಕೂಲಿ ಬಿಟ್ಟು, ಬುತ್ತಿ ಕಟ್ಟಿಕೊಂಡು, ಮುದುಕಿಯರನ್ನು ಕೈಹಿಡಿದು ಕರೆದುಕೊಂಡು ಹೋದರು. ಅವರು ಕೊಟ್ಟ ಬೆಲೆ ಒಂದು ದಿನದ ಅನ್ನ.

ಅಂಗಡಿಯ ಬಂಧುಗಳು, ಬಾಗಿಲು ಹಾಕಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಎನ್ನುತ್ತಾರೆ. ನಿಜ. ಅದಕ್ಕೇ ಒಬ್ಬರಲ್ಲ, ಬೀದಿಯೆಲ್ಲ ಒಂದೇ ದಿನ ಹಾಕಬೇಕು. 1961ರ ಅಂಗಡಿ ಕಾಯಿದೆ ಕೇಳಿದ್ದೂ ವಾರದ ರಜೆಯನ್ನೇ.

ನಾವು ಕೇಳುವುದು ಇಷ್ಟೆ: ಪ್ರತಿ ಗಿರಣಿಯ ಬಾಗಿಲಲ್ಲಿ ರಜೆಯ ಪಟ್ಟಿ ತೂಗಲಿ, ಗುತ್ತಿಗೆಯವರ ಹೆಸರೂ ಅದರಲ್ಲಿರಲಿ. ಒಂದು ವಾರದ ರಜೆ ಒಟ್ಟಿಗೆ ಸಿಗಲಿ. ಆ ವಾರಕ್ಕೆ ಸರ್ಕಾರಿ ಬಸ್ಸಿನಲ್ಲಿ ಮನೆಮಂದಿಗೆಲ್ಲ ಅರ್ಧ ದರವಿರಲಿ. ಯಾರ ಬಳಿ ರಜೆಯ ಪುಸ್ತಕ ಇದೆಯೋ ಅವರು ಈ ಭಾನುವಾರ ದುರ್ಗದ ನಮ್ಮ ಕಚೇರಿಗೆ ತನ್ನಿ; ಕೊಟ್ಟೇ ಇಲ್ಲದವರು ಬರಿಗೈಯಲ್ಲಿ ಬಂದು ಹಾಗೆಂದು ಬರೆಸಿ. ಹಿರಿಯೂರಿನ ಹಮಾಲರ ಹೆಸರನ್ನು ನಾವು ಮೊದಲೇ ಬರೆದುಕೊಂಡಿದ್ದೇವೆ.