ಮೀನಿಗೆ ಬಿಳಿ, ಮಾಂಸಕ್ಕೆ ಕೆಂಪು ಎಂಬ ಸೂತ್ರ ನಮ್ಮ ಊಟಕ್ಕೆ ಸಾಲದು

ಮೀನಿಗೆ ಬಿಳಿ ವೈನ್, ಮಾಂಸಕ್ಕೆ ಕೆಂಪು ವೈನ್ ಎಂಬ ಮಾತು ವೈನ್ ಮುಟ್ಟದವರ ಕಿವಿಗೂ ಬಿದ್ದಿರುತ್ತದೆ. ಇದು ಫ್ರಾನ್ಸ್, ಇಟಲಿಗಳ ಅಡುಗೆಮನೆಯಲ್ಲಿ ಹುಟ್ಟಿ ಬೆಳೆದ ಸೂತ್ರ. ಅಲ್ಲಿ ಮೀನನ್ನು ಬೆಣ್ಣೆಯಲ್ಲಿ ಬಾಡಿಸಿ ನಿಂಬೆ ಹಿಂಡುತ್ತಾರೆ, ಮಾಂಸಕ್ಕೆ ಉಪ್ಪು ಸವರಿ ಕೆಂಡದ ಮೇಲೆ ಸುಡುತ್ತಾರೆ. ಮೀನು ಮೀನಾಗಿಯೇ, ಮಾಂಸ ಮಾಂಸವಾಗಿಯೇ ನಾಲಿಗೆಗೆ ತಾಕುತ್ತದೆ. ನಮ್ಮಲ್ಲಿ ಹಾಗಲ್ಲ. ಬಂಗುಡೆ ಪುಳಿಮುಂಚಿಯ ರುಚಿಯನ್ನು ತೀರ್ಮಾನಿಸುವುದು ಬಂಗುಡೆಗಿಂತ ಹೆಚ್ಚಾಗಿ ಅದರ ಮೆಣಸಿನಕಾಯಿ ಮತ್ತು ಹುಣಸೆ. ಕೋಳಿ ಅದೇ ಆದರೂ ಮಂಗಳೂರಿನ ಕೋರಿ ಗಸಿಯೇ ಬೇರೆ, ಮಂಡ್ಯದ ನಾಟಿಕೋಳಿ ಸಾರೇ ಬೇರೆ. ಹೀಗಿರುವಾಗ ನಂದಿ ಬೆಟ್ಟದ ತಪ್ಪಲಲ್ಲೂ ಹಂಪಿಯ ಸುತ್ತಮುತ್ತಲೂ ಬೆಳೆದ ದ್ರಾಕ್ಷಿಯ ವೈನನ್ನು ಪರದೇಶದ ಕೋಷ್ಟಕ ಹಿಡಿದು ಬಡಿಸುವುದರಲ್ಲಿ ಅರ್ಥವಿಲ್ಲ. ನಮ್ಮ ಊಟಕ್ಕೆ ವೈನ್ ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಮೀನೋ ಮಾಂಸವೋ ಎಂಬುದಲ್ಲ, ಖಾರ ಎಷ್ಟು, ಹುಳಿ ಎಷ್ಟು ಎಂಬುದು.

ಇದು ಬರೀ ಅಭಿಮಾನದ ಮಾತಲ್ಲ. ಕೆಂಪು ವೈನಿಗೆ ಅದರ ಒಗರು ಬರುವುದು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲಿರುವ ಟ್ಯಾನಿನ್‌ನಿಂದ. ಅದು ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು, ಬಾಳೆಕಾಯಿಯನ್ನು ಹಸಿಯಾಗಿ ಕಚ್ಚಿದಾಗಿನಂತೆ ಬಾಯಿಯನ್ನು ಒಣಗಿಸುತ್ತದೆ. ಕೊಬ್ಬಿರುವ ಸುಟ್ಟ ಮಾಂಸದ ಜೊತೆ ಆ ಒಗರು ತಗ್ಗುತ್ತದೆ. ಖಾರದ ಜೊತೆ ಆಗುವುದು ತದ್ವಿರುದ್ಧ: ಉರಿಯುವ ನಾಲಿಗೆಗೆ ಒಗರು ಇನ್ನಷ್ಟು ಒರಟಾಗಿ ತಾಕುತ್ತದೆ. ಆಲ್ಕೋಹಾಲ್ ಕೂಡ ಖಾರದ ಉರಿಗೆ ತುಪ್ಪ ಸುರಿಯುತ್ತದೆ, ಏಕೆಂದರೆ ಮೆಣಸಿನಕಾಯಿಯ ಉರಿಯನ್ನು ಗ್ರಹಿಸುವ ನರತುದಿಗಳನ್ನೇ ಅದೂ ಕೆರಳಿಸುತ್ತದೆ. ಸ್ವಲ್ಪ ಸಿಹಿ ಆ ಉರಿಯನ್ನು ತಣಿಸುತ್ತದೆ. ಹುಳಿಯ ಲೆಕ್ಕ ಇನ್ನೂ ಸರಳ. ತಟ್ಟೆಯಲ್ಲಿರುವಷ್ಟಾದರೂ ಹುಳಿ ಲೋಟದಲ್ಲಿ ಇರಬೇಕು, ಇಲ್ಲದಿದ್ದರೆ ಎಷ್ಟು ದುಬಾರಿ ವೈನಾದರೂ ಸಪ್ಪೆ. ಮೀನಿಗೆ ಕೆಂಪು ವೈನ್ ಒಗ್ಗದಿರುವುದಕ್ಕೂ ಬಣ್ಣ ಕಾರಣವಲ್ಲ. ವೈನಿನಲ್ಲಿರುವ ಕಬ್ಬಿಣದ ಅಂಶ ಹೆಚ್ಚಾದಷ್ಟೂ ಮೀನಿನ ವಾಸನೆ ಬಾಯಲ್ಲಿ ಉಳಿಯುತ್ತದೆಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದರು. ಕಬ್ಬಿಣ ಕಡಿಮೆಯಿರುವ ಕೆಂಪು ವೈನುಗಳಲ್ಲಿ ಆ ತೊಂದರೆ ಅಷ್ಟಾಗಿ ಕಾಣಲಿಲ್ಲ.

ಈ ಕಣ್ಣಿನಿಂದ ನೋಡಿದರೆ ನಮ್ಮ ಅಡುಗೆಗೆ ಹೆಚ್ಚಾಗಿ ಹೊಂದುವುದು ಬಿಳಿ ವೈನ್ ಮತ್ತು ಒಗರು ಕಡಿಮೆಯಿರುವ ಕೆಂಪು ವೈನ್. ರವೆ ಹಚ್ಚಿ ಕಾವಲಿಯಲ್ಲಿ ಗರಿಗರಿ ಹುರಿದ ಕಾಣೆ ಮೀನಿಗೆ ಸೊವಿನ್ಯೋ ಬ್ಲಾಂಕ್ ಚೆನ್ನ, ಅದರ ಹುಳಿ ಎಣ್ಣೆಯ ಜಿಡ್ಡನ್ನು ಕತ್ತರಿಸುತ್ತದೆ. ತೆಂಗಿನಹಾಲು, ಬ್ಯಾಡಗಿ ಮೆಣಸಿನಕಾಯಿ, ಹುಣಸೆ ಮೂರೂ ಸೇರುವ ಕೋರಿ ಗಸಿಗೆ ತುಸು ಸಿಹಿ ಉಳಿಸಿಕೊಂಡ ಶೆನಿನ್ ಬ್ಲಾಂಕ್ ಬೇಕು. ಮಾಂಸವೆಂದು ಒಗರು ಹೆಚ್ಚಿರುವ ಕೆಂಪು ಕ್ಯಾಬರ್ನೆ ಸೊವಿನ್ಯೋ ತಂದಿಟ್ಟರೆ ಗಸಿಯೂ ಕೆಟ್ಟಿತು, ವೈನೂ ಕೆಟ್ಟಿತು. ಕೊಡಗಿನ ಪಂದಿಕರಿಯ ವಿಷಯ ಬೇರೆ. ಹಂದಿಯ ಕೊಬ್ಬು ಒಗರನ್ನು ತಗ್ಗಿಸುತ್ತದೆ, ಅಲ್ಲಿನ ಖಾರ ಬಹುಪಾಲು ಕಾಳುಮೆಣಸಿನದು, ಕಪ್ಪಗೆ ಕುದಿಸಿದ ಕಾಚಂಪುಳಿಯ ಹುಳಿ ಆಳವಾದದ್ದು. ಇಲ್ಲಿ ಶಿರಾಜ್ ಎಂಬ ಕೆಂಪು ವೈನ್ ಸಲೀಸಾಗಿ ಕೂರುತ್ತದೆ. ಕಾಳುಮೆಣಸಿಗೆ ಅದರ ಘಮ ಕೊಡುವ ರೊಟಂಡೋನ್ ಎಂಬ ಅಂಶವೇ ಶಿರಾಜ್ ದ್ರಾಕ್ಷಿಯಲ್ಲೂ ಇದೆಯೆಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಪತ್ತೆಹಚ್ಚಿದ್ದಾರೆ. ತಂಪು ಪ್ರದೇಶದ ದ್ರಾಕ್ಷಿಯಲ್ಲಿ ಅದು ಹೆಚ್ಚು, ಬಿಸಿಲುನಾಡಿನದರಲ್ಲಿ ಕಡಿಮೆ, ಹಾಗಾಗಿ ನಮ್ಮ ಶಿರಾಜ್‌ನಿಂದ ಅತಿಯಾಗಿ ನಿರೀಕ್ಷಿಸಬಾರದು. ಇನ್ನು ಶೇಂಗಾ, ಎಳ್ಳು, ಗುರೆಳ್ಳು ಅರೆದು ತುಂಬಿದ ಎಣ್ಣೆಗಾಯಿ ಮತ್ತು ಜೋಳದ ರೊಟ್ಟಿಗೆ ಹಂಪಿಯ ಕಡೆ ಬೆಳೆಯುವ ಸಾಂಜೊವೇಸೆ ಒಪ್ಪುತ್ತದೆ. ಮಾಂಸವಿಲ್ಲದ ಊಟಕ್ಕೆ ಕೆಂಪು ವೈನ್ ಸಲ್ಲದು ಎಂಬ ಮಾತು ಇಲ್ಲಿ ಬಿದ್ದುಹೋಗುತ್ತದೆ. ಒಂದೇ ಎಚ್ಚರಿಕೆ: ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಬಡಿಸಬೇಕು ಎನ್ನುವಾಗ ಆ ಕೋಣೆ ಯುರೋಪಿನದು, ಸುಮಾರು 16ರಿಂದ 18 ಡಿಗ್ರಿಯದು. ನಮ್ಮ 30 ಡಿಗ್ರಿಯಲ್ಲಿ ಆಲ್ಕೋಹಾಲ್ ಒಂದೇ ಮೂಗಿಗೆ ಹೊಡೆಯುತ್ತದೆ. ಬಡಿಸುವ ಮೊದಲು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ತೆಗೆಯಬೇಕು.

ನಮ್ಮದು ಎಲೆಯೂಟ, ಉಪ್ಪಿನಕಾಯಿಯಿಂದ ಪಾಯಸದವರೆಗೆ ಎಲ್ಲವೂ ಒಟ್ಟಿಗೆ ಬಂದು ಕೂರುತ್ತವೆ, ಅದಕ್ಕೆ ಯಾವ ವೈನೂ ಹೊಂದದು ಎನ್ನುವವರಿದ್ದಾರೆ. ಈ ಆಕ್ಷೇಪದಲ್ಲಿ ಹುರುಳಿದೆ. ಅನ್ನ ಸಾರು ಮಜ್ಜಿಗೆಯ ಊಟಕ್ಕೆ ವೈನ್ ಬೇಕಿಲ್ಲ, ಬಲವಂತವಾಗಿ ಜೋಡಿಸುವುದು ಎರಡಕ್ಕೂ ಅನ್ಯಾಯ. ಆದರೆ ಒಂದೆರಡು ಪದಾರ್ಥವೇ ಮುಖ್ಯವಾಗಿರುವ ಊಟ ನಮ್ಮಲ್ಲೂ ಬೇಕಾದಷ್ಟಿವೆ, ಮೇಲೆ ಹೇಳಿದವೆಲ್ಲ ಅಂಥವೇ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು: ಮದ್ಯವನ್ನು ಊಟದ ಸಂಸ್ಕೃತಿಯೆಂದು ಕರೆದು ಮನೆಯೊಳಗೆ ಬಿಟ್ಟುಕೊಳ್ಳುವುದೇಕೆ? ಮದ್ಯಪಾನಕ್ಕೆ ಸುರಕ್ಷಿತ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅದನ್ನು ಮರೆಮಾಚಿ ವೈನನ್ನು ಹೃದಯದ ಔಷಧಿಯೆಂದು ಮಾರುವುದು ಮೋಸ. ಕುಡಿಯದವರು ಶುರು ಮಾಡಲು ಈ ಬರಹದಲ್ಲಿ ಒಂದು ಕಾರಣವೂ ಇಲ್ಲ. ಆದರೆ ಕುಡಿಯುವವರು ಖಾಲಿ ಹೊಟ್ಟೆಯಲ್ಲಿ, ಅಮಲಿಗೆಂದೇ ಗಂಟಲಿಗೆ ಸುರಿದುಕೊಳ್ಳುವುದಕ್ಕಿಂತ ಊಟದ ನಡುವೆ ನಿಧಾನವಾಗಿ ಒಂದು ಲೋಟ ಕುಡಿಯುವುದು ಕಡಿಮೆ ಕೆಡುಕಿನದು. ರುಚಿಯ ಕಡೆ ಗಮನ ಕೊಡುವುದು ಆ ನಿಧಾನವನ್ನು ಕಲಿಸುತ್ತದೆ.

ಈ ಚರ್ಚೆ ತೋಟಕ್ಕೂ ಸಂಬಂಧಪಟ್ಟದ್ದು. ಕರ್ನಾಟಕ ಸರ್ಕಾರ 2007ರಲ್ಲಿ ವೈನ್ ನೀತಿ ತಂದು, ವೈನ್ ಮಂಡಳಿಯನ್ನೂ ರಚಿಸಿತು. ಅಂದಿನಿಂದ ಪ್ರತಿಷ್ಠೆಯೆಲ್ಲ ಭಾರವಾದ, ಓಕ್ ಪೀಪಾಯಿಯಲ್ಲಿ ಮಾಗಿಸಿದ ಕೆಂಪು ವೈನುಗಳ ಪಾಲಾಗಿದೆ. ನಮ್ಮ ಹವೆ ಹೇಳುವುದೇ ಬೇರೆ. ಇಲ್ಲಿ ಬಳ್ಳಿ ಚಳಿಗಾಲದಲ್ಲಿ ನಿದ್ದೆ ಹೋಗುವುದಿಲ್ಲ. ವಿಜಯಪುರದ ಬೆಳೆಗಾರರು ಚಾಟ್ನಿ ಎನ್ನುವ ಸವರುವ ಕೆಲಸವನ್ನು ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿಯುವಾಗ ಇನ್ನೊಮ್ಮೆ ಮಾಡಬೇಕು. ಹಣ್ಣು ಮಾಗುವಾಗ ಬಿಸಿಲು ಏರುತ್ತಿರುತ್ತದೆ, ಹುಳಿ ಬೇಗ ಇಳಿಯುತ್ತದೆ. ಹುಳಿಯನ್ನು ಬಿಗಿಯಾಗಿ ಹಿಡಿದುಕೊಳ್ಳುವ ಶೆನಿನ್ ಬ್ಲಾಂಕ್‌ನಂಥ ತಳಿಗೆ ಇಲ್ಲಿ ಬೆಲೆ ಬರುವುದು ಅದಕ್ಕೇ, ನಮ್ಮ ಅಡುಗೆ ಬೇಡುವುದೂ ಅದನ್ನೇ. ಭೌಗೋಳಿಕ ಸೂಚ್ಯಂಕ ಪಡೆದಿರುವ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಅಗ್ಗದ ಸಿಹಿ ವೈನಿನ ಕಚ್ಚಾವಸ್ತುವೆಂದಷ್ಟೇ ನೋಡುವುದೂ ನಿಲ್ಲಬೇಕು. ಅದರ ಗಾಢ ಪರಿಮಳ ಯುರೋಪಿನ ರಸಿಕರಿಗೆ ಹಿಡಿಸದಿರಬಹುದು, ಆದರೆ ಸಿಹಿ ತಗ್ಗಿಸಿ, ಆಲ್ಕೋಹಾಲ್ ಕಡಿಮೆ ಮಾಡಿ, ತಣ್ಣಗೆ ಬಡಿಸುವ ತೆಳು ಕೆಂಪು ವೈನಾಗಿ ಅದನ್ನು ತಯಾರಿಸಿದರೆ ಖಾರದ ಊಟದ ಮುಂದೆ ನಿಲ್ಲಬಲ್ಲದು. ಮಂಡಳಿಯೂ ತಯಾರಕರೂ ಇಂಥ ಪ್ರಯೋಗಕ್ಕೆ ಹಣ ಹಾಕಲಿ, ಮತ್ತು ಬಾಟಲಿಯ ಹಿಂದೆ ಸಿಹಿ ಎಷ್ಟು, ಹುಳಿ ಎಷ್ಟು, ಒಗರು ಎಷ್ಟು, ಎಷ್ಟು ತಂಪಾಗಿ ಬಡಿಸಬೇಕು ಎಂಬ ನಾಲ್ಕು ಸಾಲನ್ನು ಕನ್ನಡದಲ್ಲಿ ಅಚ್ಚು ಹಾಕಲಿ.